ಫಿಸಿಯೋಥೆರಪಿ ಸಹಾಯಕರಿಗೆ ಕಲಿಸಲು ಸಮಯ ಎಲ್ಲಿದೆ?

ಮಾನ್ಯ ಸಂಪಾದಕರೇ,

ಆಸ್ಪತ್ರೆಯ ಫಿಸಿಯೋಥೆರಪಿ ವಿಭಾಗಕ್ಕೆ ಹೊಸದಾಗಿ ಸೇರುವ ಸಹಾಯಕರಿಗೆ ತರಬೇತಿ ಅಂತ ಸಿಗುವುದು ಎಷ್ಟೋ ಕಡೆ ಒಂದೇ ಮಾತು: ‘ಅವರ ಜೊತೆ ಎರಡು ದಿನ ಓಡಾಡು, ನೋಡಿ ಕಲಿತ್ಕೋ.’ ಮೂರನೇ ದಿನ ಆ ಹುಡುಗ ಅಥವಾ ಹುಡುಗಿ ಒಬ್ಬರೇ ರೋಗಿಯನ್ನು ಎಬ್ಬಿಸಿ ನಿಲ್ಲಿಸುತ್ತಿರುತ್ತಾರೆ. ಬಹಳ ಕಾಲದಿಂದ ಫಿಸಿಯೋಥೆರಪಿಸ್ಟ್ ಆಗಿ ಇರುವವಳಾಗಿ ಈ ಪತ್ರ ಬರೆಯುತ್ತಿದ್ದೇನೆ.

ನೋಡಿ ಕಲಿಯೋದು ತಪ್ಪಲ್ಲ. ಆದರೆ ಈ ಕೆಲಸದಲ್ಲಿ ಕಣ್ಣಿಗೆ ಕಾಣುವುದು ಕಡಿಮೆ. ಲಕ್ವ ಹೊಡೆದವರನ್ನು ಹಾಸಿಗೆಯಿಂದ ವೀಲ್‌ಚೇರಿಗೆ ಕೂರಿಸುವುದನ್ನೇ ತೆಗೆದುಕೊಳ್ಳಿ. ಪಕ್ಕದಲ್ಲಿ ನಿಂತವರಿಗೆ ಅದು ಅರ್ಧ ನಿಮಿಷದ ಕೆಲಸ. ಕುರ್ಚಿಯನ್ನು ಸಾಮಾನ್ಯವಾಗಿ ಶಕ್ತಿ ಇರುವ ಕಡೆಗೇ ಇಡುತ್ತೇವೆ. ಎರಡೂ ಬ್ರೇಕ್ ಬಿದ್ದಿರಬೇಕು, ಪಾದ ಇಡುವ ತಟ್ಟೆ ಮೇಲೆತ್ತಿರಬೇಕು, ಮೂತ್ರದ ಚೀಲದ ನಳಿಕೆ ಎಲ್ಲಿಯೂ ಸಿಕ್ಕಿಕೊಂಡಿರಬಾರದು. ದಿನಗಟ್ಟಲೆ ಮಲಗಿದ್ದವರನ್ನು ಒಮ್ಮೆಲೇ ನಿಲ್ಲಿಸಿದರೆ ಬಿ.ಪಿ. ಇಳಿದು ಕುಸಿದುಬಿಡಬಹುದು. ಅದಕ್ಕೇ ಮೊದಲು ಹಾಸಿಗೆಯ ಅಂಚಿನಲ್ಲಿ ಸ್ವಲ್ಪ ಹೊತ್ತು ಕೂರಿಸಿ, ತಲೆ ಸುತ್ತುತ್ತಾ ಅಂತ ಕೇಳುವುದು. ಇನ್ನು ಸೋತ ಕೈಯನ್ನು ಹಿಡಿದು ಎಳೆಯಲೇಬಾರದು. ಅಲ್ಲಿ ಭುಜದ ಸ್ನಾಯುಗಳ ಹಿಡಿತ ಸಡಿಲವಾಗಿರುತ್ತದೆ, ಕೀಲು ಜಾರಬಹುದು. ಆಮೇಲೆ ನೋವು ತಿಂಗಳುಗಟ್ಟಲೆ ಬಿಡದೇ ಇರಬಹುದು. ಇದನ್ನೆಲ್ಲ ಯಾರಾದರೂ ಬಾಯಿಬಿಟ್ಟು ಹೇಳಬೇಕು, ಕೈ ಹಿಡಿದು ತೋರಿಸಬೇಕು.

ಹಾಟ್ ಪ್ಯಾಕ್, ಅಂದರೆ ನೋವಿರುವ ಜಾಗಕ್ಕೆ ಶಾಖ ಕೊಡುವ ಚೀಲದ ವಿಷಯವೂ ಅಷ್ಟೇ. ಅದು ಸುಮಾರು 70 ಡಿಗ್ರಿ ಸೆಲ್ಸಿಯಸ್ ಬಿಸಿನೀರಿನಿಂದ ಹೊರಬರುತ್ತದೆ. ದಪ್ಪಗೆ ಟವೆಲ್ ಸುತ್ತಿ ಇಟ್ಟರೆ ಮುಗಿಯಿತು ಅಂದುಕೊಳ್ಳುತ್ತಾರೆ. ಸಕ್ಕರೆ ಕಾಯಿಲೆಯಿಂದ ಸ್ಪರ್ಶ ಕಳೆದುಕೊಂಡ ಪಾದದ ಮೇಲೆ ಇಟ್ಟು ‘ಜಾಸ್ತಿ ಬಿಸಿ ಆಗ್ತಿದೆಯಾ’ ಅಂತ ಕೇಳಿದರೆ ‘ಇಲ್ಲ, ಹಿತವಾಗಿದೆ’ ಅನ್ನುತ್ತಾರೆ. ಅಷ್ಟರಲ್ಲಿ ಚರ್ಮ ಬೊಬ್ಬೆ ಎದ್ದಿರಬಹುದು. ಸ್ಪರ್ಶ ಇದೆಯೋ ಇಲ್ಲವೋ ಅಂತ ಮೊದಲು ಪರೀಕ್ಷಿಸುವುದು ಫಿಸಿಯೋಥೆರಪಿಸ್ಟ್ ಕೆಲಸ. ಐದು ನಿಮಿಷಕ್ಕೆ ಟವೆಲ್ ಎತ್ತಿ ನೋಡುವುದು ಸಹಾಯಕರ ಕೆಲಸ. ಯಾರದ್ದು ಯಾವುದು ಅನ್ನುವ ಈ ಗೆರೆಯನ್ನೂ ಮೊದಲ ವಾರವೇ ಹೇಳಿಕೊಡಬೇಕು. ವಾಕರ್ ಬಿಡಿಸಿ ಕೋಲು ಕೊಡೋಣ ಅನ್ನುವ ತೀರ್ಮಾನ ಸಹಾಯಕರದ್ದಲ್ಲ, ಮನೆಯವರು ಎಷ್ಟೇ ಒತ್ತಾಯ ಮಾಡಲಿ.

ಎಲ್ಲಕ್ಕಿಂತ ಮುಖ್ಯ, ಯಾವಾಗ ನಿಲ್ಲಿಸಬೇಕು ಅನ್ನುವುದು. ನಿನ್ನೆ ವಾರ್ಡಿನ ಬಾಗಿಲವರೆಗೆ ನಡೆದವರು ಇವತ್ತು ನಾಲ್ಕು ಹೆಜ್ಜೆಗೇ ಏದುಸಿರು ಬಿಟ್ಟರೆ ಕೂರಿಸಿ, ಫಿಸಿಯೋಥೆರಪಿಸ್ಟನ್ನು ಕರೆಯಬೇಕು. ಒಂದೇ ಕಾಲಿನ ಮೀನಖಂಡ ಊದಿ ನೋಯುತ್ತಿದ್ದರೆ ಅಲ್ಲಿ ರಕ್ತ ಹೆಪ್ಪುಗಟ್ಟಿರಬಹುದು. ಆಗ ಮನೆಯವರು ‘ಸ್ವಲ್ಪ ಒತ್ತಿ ಬಿಡಿ’ ಅಂದರೂ ಒತ್ತಬಾರದು. ಹೊಸಬರಿಗೆ ಇದು ಗೊತ್ತಾದರೂ ಹೇಳಲು ಹೆದರಿಕೆ. ಸುಮ್ನೆ ಕರೆದರೆ ಬೈಸಿಕೊಳ್ಳಬೇಕಲ್ಲ ಅಂತ. ಅಂದಹಾಗೆ, ರೋಗಿಯ ಜೊತೆ ನಮಗಿಂತ ಜಾಸ್ತಿ ಹೊತ್ತು ಇರುವವರು ಈ ಸಹಾಯಕರೇ. ಎಷ್ಟೋ ಬದಲಾವಣೆ ಮೊದಲು ಕಾಣುವುದು ಅವರಿಗೇ.

ಹಾಗಾದರೆ ಹಿರಿಯರು ಯಾಕೆ ಕಲಿಸುವುದಿಲ್ಲ? ಮನಸ್ಸಿಲ್ಲ ಅಂತಲ್ಲ. ಕಲಿಸುವವರ ಪಟ್ಟಿಯಲ್ಲಿ ಒಬ್ಬ ರೋಗಿಯೂ ಕಡಿಮೆಯಾಗುವುದಿಲ್ಲ. ಹೊಸಬರ ಕೈಯಲ್ಲಿ ಮಾಡಿಸಿದರೆ ಇಮ್ಮಡಿ ಹೊತ್ತು ಬೇಕು. ಅದಕ್ಕೇ ‘ಬಿಡು, ನಾನೇ ಮಾಡ್ತೀನಿ, ನೀನು ಆ ಫೈಲ್ ತಗೊಂಡು ಬಾ’ ಅಂದುಬಿಡುತ್ತಾರೆ. ಫೈಲ್ ತರುವುದರಲ್ಲೇ ತಿಂಗಳು ಕಳೆಯುತ್ತದೆ. ಕಾಗದದಲ್ಲಿ ಮಾತ್ರ ತರಬೇತಿ ಮುಗಿದಿರುತ್ತದೆ.

ನನ್ನ ಕೋರಿಕೆ ದೊಡ್ಡದೇನಲ್ಲ. ಪ್ರತಿ ಹೊಸ ಸಹಾಯಕರಿಗೂ ಕಲಿಸಲು ಒಬ್ಬರನ್ನು ಹೆಸರು ಹಿಡಿದು ಗೊತ್ತುಮಾಡಲಿ. ಅವರು ಕಲಿಸುವ ಮನಸ್ಸಿರುವವರಾಗಲಿ, ಬರೀ ಸೀನಿಯರ್ ಆಗಿದ್ದರೆ ಸಾಲದು. ರೋಗಿಯನ್ನು ಮುಟ್ಟುವ ಮೊದಲು ಹೊಸಬರು ತಾವೇ ಹಾಸಿಗೆಯ ಮೇಲೆ ಮಲಗಿ, ಬೇರೆಯವರ ಕೈಯಲ್ಲಿ ಎಬ್ಬಿಸಿಕೊಳ್ಳಲಿ. ಕಂಕುಳಿಗೆ ಕೈ ಹಾಕಿ ಎತ್ತಿದರೆ ಎಷ್ಟು ನೋಯುತ್ತೆ ಅಂತ ಆಗ ಗೊತ್ತಾಗುತ್ತದೆ. ಇಂತಿಷ್ಟು ದಿನ ಆಯಿತು ಅಂತ ಸಹಿ ಹಾಕದೆ, ಒಂದೊಂದು ಕೆಲಸವನ್ನೂ ಮಾಡಿಸಿ ನೋಡಿ ಸಹಿ ಹಾಕಲಿ. ಮತ್ತೆ, ಮುಂದಿನ ಡ್ಯೂಟಿ ಪಟ್ಟಿ ತಯಾರಿಸುವಾಗ ಕಲಿಸುವವರ ಹೆಸರಿನ ಮುಂದೆ, ಕಲಿಸಲು ಬೇಕಾದ ಹೊತ್ತಿಗೆ ತಕ್ಕಷ್ಟು ರೋಗಿಗಳನ್ನು ಕಡಿಮೆ ಬರೆಯಲಿ.

ಇಂತಿ,
ಒಬ್ಬ ಫಿಸಿಯೋಥೆರಪಿಸ್ಟ್