ಆರ್‌ಎನ್‌ಎ ನಾಲ್ಕೇ ಅಕ್ಷರದ್ದಲ್ಲ

ಮಾನ್ಯರೇ,

ಭಾನುವಾರದ ವಿಜ್ಞಾನ ಪುಟದಲ್ಲಿ, ಡಿಎನ್‌ಎಯ ಹಾಗೇ ಜೀವಕೋಶದಲ್ಲಿರುವ ಸರಪಳಿಯಂಥ ಅಣು ಆರ್‌ಎನ್‌ಎ ಬಗ್ಗೆ ಬಂದ ಲೇಖನ ಓದಿದೆ. ಚೆನ್ನಾಗಿತ್ತು. ಆದರೆ ಅದರ ಎ, ಯು, ಜಿ, ಸಿ ಎಂಬ ನಾಲ್ಕು ರಾಸಾಯನಿಕ ಅಕ್ಷರಗಳ ಸಾಲು ಗೊತ್ತಾದರೆ ಸಾಕು, ಅದು ಹೇಗೆ ಮಡಚಿಕೊಳ್ಳುತ್ತದೆ ಅಂತ ಹೇಳಿಬಿಡಬಹುದು ಎನ್ನುವ ಮಾತು ಅರ್ಧ ಮಾತ್ರ ನಿಜ. ಪಿಯುಸಿ ಮಕ್ಕಳಿಗೆ ನಾನೂ ವರ್ಷಗಟ್ಟಲೆ ಹಾಗೇ ಪಾಠ ಮಾಡಿದ್ದೇನೆ. ಅದಕ್ಕೇ ಈ ಪತ್ರ.

ಕಾಗುಣಿತ ಬಿಟ್ಟು ಬರೀ ಮೂಲಾಕ್ಷರ ಇಟ್ಟುಕೊಂಡು ಕನ್ನಡ ಓದೋಕಾಗುತ್ತಾ? ಆರ್‌ಎನ್‌ಎ ತಯಾರಾದ ಮೇಲೆ ಜೀವಕೋಶದ ಕಿಣ್ವಗಳು ಅದರ ಕೆಲವು ಅಕ್ಷರಗಳಿಗೂ ಹೀಗೇ ಕೊಂಬು, ದೀರ್ಘ ಹಾಕುತ್ತವೆ. ಒಂದು ಕಡೆ ಮೀಥೈಲ್ ಗುಂಪು ಅಂಟಿಸುತ್ತವೆ, ಇನ್ನೊಂದು ಕಡೆ ಯುರಿಡಿನ್ನನ್ನು, ಅಂದರೆ ಯು ಅಕ್ಷರವನ್ನು, ಸ್ಯೂಡೋಯುರಿಡಿನ್ ಎಂಬ ಬೇರೆ ರೂಪಕ್ಕೆ ತಿರುಗಿಸುತ್ತವೆ. ಎಲ್ಲದರ ಪರಿಣಾಮ ಒಂದೇ ಅಲ್ಲ. ಸ್ಯೂಡೋಯುರಿಡಿನ್ ಆರ್‌ಎನ್‌ಎ ಮಡಚಿಕೊಂಡ ರೂಪವನ್ನು ಬಿಗಿ ಮಾಡಿದರೆ, ಯುವಿನ ಇನ್ನೊಂದು ಬದಲಾದ ರೂಪವಾದ ಡೈಹೈಡ್ರೋಯುರಿಡಿನ್ ಸಡಿಲ ಮಾಡುತ್ತದೆ.

ನನಗೆ ತುಂಬಾ ಇಷ್ಟವಾದ ಉದಾಹರಣೆ ನಮ್ಮ ಮೈಯಲ್ಲೇ ಇದೆ. ಜೀವಕೋಶಕ್ಕೆ ಶಕ್ತಿ ಒದಗಿಸುವ ಮೈಟೊಕಾಂಡ್ರಿಯಾದಲ್ಲಿ, ಪ್ರೋಟೀನ್ ಕಟ್ಟಲು ಲೈಸಿನ್ ಎಂಬ ಅಮೈನೋ ಆಮ್ಲವನ್ನು ಹೊತ್ತು ತರುವ ಟಿಆರ್‌ಎನ್‌ಎ (ಸಾಗಣೆ ಮಾಡುವ ಆರ್‌ಎನ್‌ಎ). ಟಿಆರ್‌ಎನ್‌ಎ ಅಂದರೆ ಪುಸ್ತಕದ ಆ ಮೂರೆಸಳಿನ ಕ್ಲೋವರ್ ಎಲೆ ಚಿತ್ರ ನೆನಪಾಗುತ್ತದೆ, ಅಲ್ವಾ? 1998ರಲ್ಲಿ ಫ್ರಾನ್ಸ್‌ನ ಸ್ಟ್ರಾಸ್‌ಬರ್ಗ್‌ನ ಸಂಶೋಧಕರು, ಈ ಟಿಆರ್‌ಎನ್‌ಎಯನ್ನು ಲ್ಯಾಬಿನಲ್ಲಿ ಬರೀ ನಾಲ್ಕು ಅಕ್ಷರಗಳಿಂದ ಮಾಡಿದರೆ, ಸಾಲು ಸರಿಯಿದ್ದರೂ ಅದು ಕ್ಲೋವರ್ ಆಗದೆ ಉದ್ದನೆಯ ಹೇರ್‌ಪಿನ್ ಥರ ಮಡಚಿಕೊಳ್ಳುತ್ತದೆ ಎಂದು ತೋರಿಸಿದರು. 9ನೇ ಜಾಗದ ಎ ಹೋಗಿ 64ನೇ ಜಾಗದ ಯು ಜೊತೆ ಜೋಡಿ ಕಟ್ಟಿಬಿಡುತ್ತದೆ. ಜೀವಕೋಶದಲ್ಲಿ ಆ ಎ ಮೇಲೆ ಒಂದು ಮೀಥೈಲ್ ಇರುತ್ತದೆ. ಒಂದು ಕಾರ್ಬನ್, ಮೂರು ಹೈಡ್ರೋಜನ್, ಅಷ್ಟೇ! ಆದರೆ ಅದು ಕೂತಿರುವುದು ಯು ಬಂದು ಕೈ ಹಿಡಿಯುವ ಜಾಗದಲ್ಲೇ. ಹಾಗಾಗಿ ಆ ಜೋಡಿ ಆಗೋದೇ ಇಲ್ಲ. ಮರುವರ್ಷ ಅದೇ ತಂಡ ಬೇರೆ ಯಾವ ಅಕ್ಷರವನ್ನೂ ಬದಲಿಸದೆ ಆ ಒಂದು ಮೀಥೈಲ್ ಮಾತ್ರ ಇಟ್ಟು ನೋಡಿತು. ಕ್ಲೋವರ್ ಆಯಿತು.

ಕೋವಿಡ್‌ಗೆ ಬಂದ ಫೈಜರ್, ಮಾಡರ್ನಾ ಲಸಿಕೆಗಳಲ್ಲೂ ಯು ಇರಬೇಕಾದ ಕಡೆಯೆಲ್ಲ ಇದ್ದದ್ದು ಇಂಥದೇ ಬದಲಾದ ಅಕ್ಷರ. ನಿಮ್ಮ ಲೇಖನ ಲಸಿಕೆ ಬಗ್ಗೆ ಅಷ್ಟೆಲ್ಲ ಹೇಳಿಯೂ ಇದನ್ನು ಬಿಟ್ಟಿದ್ದು ಯಾಕೋ ಗೊತ್ತಾಗಲಿಲ್ಲ.

ಇದೇನು ಹೊಸ ವಿಷಯವೂ ಅಲ್ಲ. 1965ರಲ್ಲಿ ರಾಬರ್ಟ್ ಹಾಲಿ ಮತ್ತು ಸಂಗಡಿಗರು ಯೀಸ್ಟಿನ ಟಿಆರ್‌ಎನ್‌ಎ ಸಾಲನ್ನು ಮೊದಲ ಸಲ ಪೂರ್ತಿ ಓದಿದಾಗಲೇ ಈ ವಿಚಿತ್ರ ಅಕ್ಷರಗಳು ಅದರಲ್ಲಿದ್ದವು. ಆಮೇಲೆ ನಮ್ಮಂಥ ಮೇಷ್ಟ್ರುಗಳು ಪಾಠ ಸುಲಭವಾಗಲಿ ಅಂತ ಸುಮ್ನೆ ಅಳಿಸಿಬಿಟ್ಟೆವು. ಮುಂದಿನ ಸಲ ಆ ಎಲೆಯ ಚಿತ್ರ ಹಾಕುವಾಗ ದಯವಿಟ್ಟು ಅವುಗಳನ್ನೂ ಸೇರಿಸಿ. ಜಾಗ ಜಾಸ್ತಿ ಬೇಕಾಗಲ್ಲ.

ಇಂತಿ,
ಜೀವಶಾಸ್ತ್ರದ ಒಬ್ಬ ಉಪನ್ಯಾಸಕ, ಶಿರಸಿ