25 ವರ್ಷ ಕಾಯಿಸುವ ಕಾನೂನು: ಶ್ರೀ ಥಾಣೇದಾರ್ ಅವರಿಗೆ ಒಂದು ಬಹಿರಂಗ ಪತ್ರ

ಮಾನ್ಯ ಶ್ರೀ ಥಾಣೇದಾರ್ ಅವರಿಗೆ,

ನಮಸ್ಕಾರ ಸರ್. ನಾನು ಹುಬ್ಬಳ್ಳಿಯವನು, ಈಗ ಡೆಟ್ರಾಯ್ಟ್‌ನಲ್ಲಿ, ಅಮೆರಿಕದ ಸಂಸತ್ತಿನಲ್ಲಿ ನೀವು ಪ್ರತಿನಿಧಿಸುವ ಕ್ಷೇತ್ರದ ಮತದಾರ. ನೀವು ಬೆಳಗಾವಿಯಲ್ಲಿ ಬೆಳೆದವರು. ಹಾಗಾಗಿ ಕನ್ನಡದಲ್ಲೇ ಬರೆಯೋಣ ಅನಿಸಿತು. ಇಲ್ಲಿನ ಸುರಕ್ಷತಾ ಮಾನದಂಡಕ್ಕೆ ಹೊಂದದ ಹೊರದೇಶದ ಕಾರನ್ನು ಅಮೆರಿಕಕ್ಕೆ ತರಿಸಬೇಕಂದರೆ ಅದಕ್ಕೆ 25 ವರ್ಷ ತುಂಬಿರಬೇಕು ಅನ್ನುವ ನಿಯಮದ ಬಗ್ಗೆ ನಿಮ್ಮಲ್ಲಿ ಒಂದು ಕೋರಿಕೆ ಇದೆ.

ನನ್ನ ಮನೆ ಮುಂದೆ 1997ರ ಸುಜುಕಿ ಎವೆರಿ ವ್ಯಾನ್ ನಿಂತಿದೆ. ಜಪಾನಿನಿಂದ ತರಿಸಿದ್ದು. 660 ಸಿಸಿ ಎಂಜಿನ್, 3.3 ಮೀಟರ್ ಉದ್ದ. ನಮ್ಮ ಊರ ಕಡೆಯ ಮಾರುತಿ ಓಮ್ನಿಗೆ ಇದು ತಮ್ಮ ಇದ್ದ ಹಾಗೆ, ಎರಡೂ ಸುಜುಕಿ ಕ್ಯಾರಿಯ ಮನೆತನದವು. ಅಪ್ಪನ ಓಮ್ನಿಯಲ್ಲಿ ಹನ್ನೊಂದು ಜನ ತುಂಬಿಕೊಂಡು ಸವದತ್ತಿ ಯಲ್ಲಮ್ಮನ ಗುಡ್ಡಕ್ಕೆ ಹೋಗುತ್ತಿದ್ದೆವು. ಈಗ ಇದರ ಬಾಗಿಲನ್ನು ಸರಕ್ಕನೆ ಸರಿಸಿದಾಗಲೆಲ್ಲ ಆ ದಿನಗಳು ನೆನಪಾಗುತ್ತವೆ. ಯುಗಾದಿ ಊಟಕ್ಕೆ ಕನ್ನಡ ಕೂಟದ ದೊಡ್ಡ ಪಾತ್ರೆಗಳೆಲ್ಲ ಇದರಲ್ಲೇ ಹೋಗುತ್ತವೆ.

ಆದರೆ ಒಂದು ಮಾತನ್ನು ಮುಚ್ಚಿಡದೆ ಹೇಳಬೇಕು. ಈ ಗಾಡಿಗೆ ಮೂತಿಯೇ ಇಲ್ಲ. ಓಡಿಸುವಾಗ ನನ್ನ ಮೊಣಕಾಲಿನ ಮುಂದೆ ಇರುವುದು ತಗಡು ಮತ್ತು ಬಂಪರ್, ಅಷ್ಟೇ. ಏರ್‌ಬ್ಯಾಗ್ ಇಲ್ಲ, ಜೋರಾಗಿ ಬ್ರೇಕ್ ಹಾಕಿದಾಗ ಚಕ್ರ ಜಾಮ್ ಆಗದಂತೆ ತಡೆಯುವ ಎಬಿಎಸ್ ಇಲ್ಲ. ಸಿಗ್ನಲ್‌ನಲ್ಲಿ ಪಕ್ಕಕ್ಕೆ ಫೋರ್ಡ್ ಎಫ್-150 ಪಿಕಪ್ ಟ್ರಕ್ ಬಂದು ನಿಂತರೆ ಅದರ ಬಾನೆಟ್ ನನ್ನ ಕಿಟಕಿಯ ಮಟ್ಟಕ್ಕೆ ಬರುತ್ತದೆ. ಮಗಳನ್ನು ಕೂರಿಸಿಕೊಂಡು ನಾನು ಯಾವತ್ತೂ ಇದನ್ನು ಫ್ರೀವೇಗೆ ಹತ್ತಿಸಿಲ್ಲ.

ನನಗೆ ಬೇಕಿದ್ದದ್ದು 2010ರ ಎವೆರಿ ವ್ಯಾಗನ್. ಅದರಲ್ಲಿ ಮುಂದೆ ಎರಡು ಏರ್‌ಬ್ಯಾಗ್ ಇವೆ, ಎಬಿಎಸ್ ಇದೆ. 1998ರಲ್ಲಿ ಜಪಾನ್ ಇಂಥ ಸಣ್ಣ ಗಾಡಿಗಳ ಉದ್ದದ ಮಿತಿಯನ್ನು 3.4 ಮೀಟರಿಗೆ, ಅಗಲದ ಮಿತಿಯನ್ನು 1.48 ಮೀಟರಿಗೆ ಏರಿಸಿದ್ದೇ ಡಿಕ್ಕಿಯಾದಾಗ ಒಳಗಿದ್ದವರು ಉಳಿಯಲಿ ಅಂತ. ಅಷ್ಟಾದರೂ ಆ 2010ರ ಗಾಡಿ ನನ್ನ ಕೈಗೆ ಸಿಗಬೇಕಂದರೆ 2035ರವರೆಗೆ ಕಾಯಬೇಕು. ಸುರಕ್ಷತೆಯ ಹೆಸರಿನ ಕಾನೂನು ನನ್ನನ್ನು ಹೆಚ್ಚು ಅಪಾಯದ ಗಾಡಿಯಲ್ಲಿ ಕೂರಿಸಿದೆ ಸರ್. ನನ್ನ ಅಳಲು ಇದೇ.

1980ರ ದಶಕದಲ್ಲಿ ಯುರೋಪಿನ ಬೆಂಜ್, ಬಿಎಂಡಬ್ಲ್ಯು ಕಾರುಗಳನ್ನು ಇಲ್ಲಿನ ಡೀಲರ್‌ಗಳನ್ನು ಬಿಟ್ಟು ಜನ ನೇರವಾಗಿ ತರಿಸಿಕೊಳ್ಳುತ್ತಿದ್ದರು. ಅದನ್ನು ಬಿಗಿ ಮಾಡಲು 1988ರಲ್ಲಿ ಈ ಕಾನೂನು ಬಂತು. 25 ವರ್ಷ ದಾಟಿದ ಗಾಡಿಯಾದರೆ ಗಾಡಿ ಆಮದು ಮಾಡುವಾಗ ತುಂಬುವ ಎಚ್‌ಎಸ್-7 ಫಾರಂನಲ್ಲಿ ಮೊದಲ ಚೌಕಕ್ಕೆ ಗುರುತು ಹಾಕಿದರೆ ಸಾಕು, ಸುರಕ್ಷತಾ ಮಾನದಂಡದ ಪ್ರಶ್ನೆಯೇ ಏಳುವುದಿಲ್ಲ. ಲೆಕ್ಕಕ್ಕೆ ಹಿಡಿಯುವುದು ಗಾಡಿ ತಯಾರಾದ ತಿಂಗಳನ್ನು. ಆ ತಿಂಗಳಿಂದ 25 ವರ್ಷ ತುಂಬದಿದ್ದರೆ ನೋಂದಾಯಿತ ಆಮದುದಾರರ ಮೂಲಕವೇ ಬರಬೇಕು, ಇಲ್ಲಿನ ಮಾನದಂಡಕ್ಕೆ ಹೊಂದುತ್ತದೆ ಅಂತ ತೋರಿಸಬೇಕು. ಅಮೆರಿಕದಲ್ಲಿ ಮಾರಾಟವೇ ಆಗದ ಮಾದರಿಯಾದರೆ ಅದಕ್ಕೆ ಡಿಕ್ಕಿ ಪರೀಕ್ಷೆಯ ಪುರಾವೆ ಒದಗಿಸುವುದು ನನ್ನಂಥ ಒಬ್ಬ ಮನುಷ್ಯನ ಕೈಲಿ ಆಗುವ ಕೆಲಸವೇ ಅಲ್ಲ.

ನದಿಯ ಆಚೆ ದಡ ನೋಡಿ. ವಿಂಡ್ಸರ್‌ಗೆ ಅಂಬಾಸಡರ್ ಸೇತುವೆ ದಾಟಿದರೆ ಆಯಿತು. ಕೆನಡಾದಲ್ಲಿ ಈ ಮಿತಿ 15 ವರ್ಷ. ಅಲ್ಲಿನವರು 2010ರ ಗಾಡಿಯನ್ನು ಈಗಾಗಲೇ ತರಿಸಿಕೊಳ್ಳಬಹುದು.

ಇನ್ನು ರಾಜ್ಯಗಳ ಕಥೆ. ಕೇಂದ್ರದ ನಿಯಮ ಪಾಲಿಸಿ ತಂದ ಗಾಡಿಗೂ ಮೇನ್, ರೋಡ್ ಐಲೆಂಡ್ ತರಹದ ಕಡೆ ನಂಬರ್ ಪ್ಲೇಟ್‌ಗೆ ತಕರಾರು ಬಂದಿದೆ. ಟೆಕ್ಸಾಸ್ 2024ರಲ್ಲಿ ದಾರಿ ಬಿಟ್ಟಿತು, ಕೊಲರಾಡೊ 2025ರಲ್ಲಿ ಕಾನೂನೇ ಮಾಡಿತು. ಬಂದರಿನಲ್ಲಿ ಸರಿ ಅನಿಸಿಕೊಂಡ ಗಾಡಿ ಅಂಗಳದಲ್ಲಿ ಸುಮ್ನೆ ತುಕ್ಕು ಹಿಡಿಯಬಾರದು ಅಲ್ವಾ?

ವರ್ಷ ಇಳಿಸಿದರೆ ಕೆಟ್ಟ ಗಾಡಿಗಳು ಜಾಸ್ತಿ ಬರುತ್ತವೆ ಅನ್ನುವವರಿದ್ದಾರೆ. ಆ ಭಯ ಸುಳ್ಳಲ್ಲ. ಅದಕ್ಕೇ ಮಿತಿಯನ್ನು 15 ವರ್ಷಕ್ಕೆ ಇಳಿಸಿ, ಜೊತೆಗೆ ಬರುವ ಪ್ರತಿ ಗಾಡಿಗೂ ತಪಾಸಣೆ ಇಡಿ ಅಂತ ಕೇಳುತ್ತಿದ್ದೇನೆ. ಬ್ರೇಕ್, ಸೀಟ್‌ಬೆಲ್ಟ್, ದೀಪ ನೋಡಲಿ. ಚಾಸಿಯ ಕೆಳಗೆ ತುಕ್ಕು ಹಿಡಿದಿದೆಯಾ ಅಂತ ಒಬ್ಬ ಮೆಕ್ಯಾನಿಕ್ ಬಗ್ಗಿ ನೋಡಲಿ. ನಮ್ಮ ಮಿಷಿಗನ್‌ನಲ್ಲಿ ಕಾರುಗಳಿಗೆ ವರ್ಷ ವರ್ಷದ ತಪಾಸಣೆಯೂ ಇಲ್ಲ. ನನ್ನ ವ್ಯಾನ್ ಬಂದಾಗ ಎಲ್ಲರೂ ನೋಡಿದ್ದು ಕಾಗದದ ಮೇಲಿನ ತಾರೀಖನ್ನು. ಅದರ ಹಿಂದಿನ ಬ್ರೇಕ್ ಪೈಪಿನಲ್ಲಿ ತುಕ್ಕು ಇದ್ದದ್ದು ಕಂಡದ್ದು ನಾನೇ ಜಾಕ್ ಕೊಟ್ಟು ಎತ್ತಿದಾಗ.

ಇದು ಅಮೆರಿಕದ ಸಂಸತ್ತಾದ ಕಾಂಗ್ರೆಸ್‌ನಲ್ಲೇ ಬದಲಾಗಬೇಕಾದ ಕಾನೂನು. ಕಾರಿನ ಊರಾದ ಡೆಟ್ರಾಯ್ಟ್‌ನ ಪ್ರತಿನಿಧಿ ನೀವು. ದಯವಿಟ್ಟು ಒಂದು ಮಸೂದೆ ತನ್ನಿ. ಅದಕ್ಕೂ ಮುಂಚೆ ಒಂದು ಶನಿವಾರ ಬಿಡುವು ಮಾಡಿಕೊಂಡು ಬಂದು ನನ್ನ ವ್ಯಾನಿನ ಡ್ರೈವರ್ ಸೀಟಿನಲ್ಲಿ ಕೂತು, ಕಾಲು ಚಾಚಿ ನೋಡಿ. ತಪಾಸಣೆ ಶುರುವಾದರೆ ಮೊದಲು ಈ ವ್ಯಾನನ್ನೇ ತಂದು ನಿಲ್ಲಿಸುತ್ತೇನೆ.

ಇತಿ,
ನಿಮ್ಮ ಕ್ಷೇತ್ರದ ಒಬ್ಬ ಕನ್ನಡಿಗ