ಬೇಸಿಗೆ ಶಿಬಿರದಲ್ಲಿ ಕಲಿತದ್ದು ಆಟಕ್ಕೆ ಬರುತ್ತದೆಯೇ?

ಮಾನ್ಯ ಸಂಪಾದಕರೇ,

ವಾರ್ಷಿಕ ಪರೀಕ್ಷೆಗಳು ಮುಗಿಯುತ್ತಿದ್ದಂತೆ ಮುಂಬಯಿಯ ಉಪನಗರಗಳಲ್ಲಿ ಮಕ್ಕಳ ಕ್ರೀಡಾ ಶಿಬಿರಗಳ ಕರಪತ್ರಗಳು ಮನೆಬಾಗಿಲಿಗೆ ಬರುತ್ತವೆ. ನೆಲಕ್ಕೆ ಹಾಸಿದ ಪಟ್ಟಿಯ ಏಣಿಯೊಳಗೆ ಹೆಜ್ಜೆ ಹಾಕಲು, ಕೋನ್‌ಗಳನ್ನು ಸುತ್ತಿ ಓಡಲು ಕಲಿತ ಮಗು ಕ್ರಿಕೆಟ್, ಫುಟ್‌ಬಾಲ್, ಕಬಡ್ಡಿ ಎಲ್ಲದರಲ್ಲೂ ಚುರುಕಾಗುತ್ತದೆ ಎಂಬ ಭರವಸೆ ಅವುಗಳಲ್ಲಿ ಸಾಮಾನ್ಯ. ನಮ್ಮ ಕನ್ನಡ ಸಂಘಗಳೂ ಇಂತಹ ಶಿಬಿರಗಳನ್ನು ಏರ್ಪಡಿಸುವುದರಿಂದ, ಇದೇ ಊರಿನ ಕನ್ನಡ ಮಾಧ್ಯಮ ಶಾಲೆಯೊಂದರಲ್ಲಿ ಮೂವತ್ತು ವರ್ಷ ಪಿ.ಟಿ. ಮೇಷ್ಟ್ರಾಗಿದ್ದ ನಾನು ಈ ಭರವಸೆಯ ಬಗ್ಗೆ ನಾಲ್ಕು ಮಾತು ಬರೆಯುತ್ತಿದ್ದೇನೆ.

ಒಂದು ಕಡೆ ಕಲಿತದ್ದು ಇನ್ನೊಂದು ಕಡೆಗೆ ಎಷ್ಟು ಒದಗುತ್ತದೆ ಎಂಬುದು ಹಳೆಯ ಪ್ರಶ್ನೆ. ಎರಡು ಕೆಲಸಗಳಲ್ಲಿ ಸಮಾನ ಅಂಶಗಳು ಇದ್ದಷ್ಟು ಮಾತ್ರ ಕಲಿಕೆ ದಾಟುತ್ತದೆ ಎಂದು ಅಮೆರಿಕದ ಮನಶ್ಶಾಸ್ತ್ರಜ್ಞರಾದ ಥಾರ್ನ್‌ಡೈಕ್ ಮತ್ತು ವುಡ್‌ವರ್ತ್ 1901ರಲ್ಲಿಯೇ ವಾದಿಸಿದ್ದರು. ಮುಂದೆ ಕ್ಯಾಲಿಫೋರ್ನಿಯಾದ ಬರ್ಕ್‌ಲಿ ವಿಶ್ವವಿದ್ಯಾಲಯದ ಸಂಶೋಧಕ ಫ್ರಾಂಕ್ಲಿನ್ ಹೆನ್ರಿ ಅವರು ನೋಡಲು ಒಂದೇ ತೆರನಾದ ಚಲನೆಗಳೂ ಒಳಗೆ ಬೇರೆ ಬೇರೆ ಕೌಶಲಗಳೇ ಆಗಿರುತ್ತವೆ ಎಂದರು. ಇದಕ್ಕೆ ನಮ್ಮ ಕರಾವಳಿಯದೇ ಉದಾಹರಣೆಯಿದೆ. 2020ರಲ್ಲಿ ಐಕಳ ಕಂಬಳದಲ್ಲಿ ಶ್ರೀನಿವಾಸ ಗೌಡರು 142.5 ಮೀಟರ್ ದೂರವನ್ನು 13.62 ಸೆಕೆಂಡಿನಲ್ಲಿ ಓಡಿದಾಗ, ಅದನ್ನು 100 ಮೀಟರಿಗೆ ಇಳಿಸಿ 9.55 ಸೆಕೆಂಡ್ ಎಂದು ಲೆಕ್ಕ ಹಾಕಿದ ದೇಶವೆಲ್ಲ ಅವರನ್ನು ಉಸೇನ್ ಬೋಲ್ಟ್ ಪಕ್ಕದಲ್ಲಿ ನಿಲ್ಲಿಸಿತು. ಕೆಸರು ನೀರಿನಲ್ಲಿ, ಮುಂದೆ ಎಳೆದೊಯ್ಯುವ ಕೋಣಗಳ ವೇಗಕ್ಕೆ ಮೈಯನ್ನು ಒಗ್ಗಿಸಿಕೊಂಡು ಓಡುವುದಕ್ಕೂ, ಸಿಂಥೆಟಿಕ್ ಟ್ರ್ಯಾಕಿನಲ್ಲಿ ಒಬ್ಬಂಟಿಯಾಗಿ ಬ್ಲಾಕಿನಿಂದ ಚಿಮ್ಮುವುದಕ್ಕೂ ಇರುವ ಅಂತರವನ್ನು ಯಾವ ಪಂಡಿತನಿಗಿಂತಲೂ ಚೆನ್ನಾಗಿ ಅರಿತಿದ್ದ ಗೌಡರು ಭಾರತೀಯ ಕ್ರೀಡಾ ಪ್ರಾಧಿಕಾರದ ಟ್ರಯಲ್ಸ್‌ಗೆ ಹೋಗಲಿಲ್ಲ. ಆಗ ಅದನ್ನು ಹಿಂಜರಿಕೆ ಎಂದವರಿದ್ದರು. ನನಗೆ ಅದು ವಿವೇಕವಾಗಿಯೇ ಕಂಡಿತು.

ಹಾಗೆಂದು ಏನೂ ದಾಟುವುದಿಲ್ಲ ಎಂದಲ್ಲ. ದಾಟಬೇಕಾದರೆ ಅಭ್ಯಾಸ ಹೇಗಿರಬೇಕು ಎಂಬುದೇ ಮುಖ್ಯ. ಚಲನೆಯ ಕಲಿಕೆಯನ್ನು ಅಭ್ಯಸಿಸಿದ ರಿಚರ್ಡ್ ಶ್ಮಿಟ್ 1975ರಲ್ಲಿ ಮಂಡಿಸಿದ ಸ್ಕೀಮಾ ಸಿದ್ಧಾಂತದ ಪ್ರಕಾರ, ನಾವು ಪ್ರತಿ ಎಸೆತವನ್ನೂ ಪ್ರತ್ಯೇಕವಾಗಿ ನೆನಪಿಡುವುದಿಲ್ಲ. ಬೇರೆ ಬೇರೆ ಎಸೆತಗಳಿಂದ ಒಂದು ಸಾಮಾನ್ಯ ನಿಯಮವನ್ನು ಕಟ್ಟಿಕೊಳ್ಳುತ್ತೇವೆ. ಮೂರು ವರ್ಷಗಳ ಬಳಿಕ ಕೆರ್ ಮತ್ತು ಬೂತ್ ಎಂಬ ಸಂಶೋಧಕರು ಎಂಟು ವರ್ಷದ ಮಕ್ಕಳ ಒಂದು ಗುಂಪಿಗೆ ಮೂರು ಅಡಿ ದೂರದ ಗುರಿಗೇ ಕಾಳು ತುಂಬಿದ ಪುಟ್ಟ ಚೀಲ ಎಸೆಯುವ ಅಭ್ಯಾಸ ಕೊಟ್ಟರು. ಇನ್ನೊಂದು ಗುಂಪು ಎರಡು ಮತ್ತು ನಾಲ್ಕು ಅಡಿಗಳಿಂದ ಎಸೆಯಿತೇ ಹೊರತು ಮೂರರಿಂದ ಎಸೆಯಲೇ ಇಲ್ಲ. ಕೊನೆಗೆ ಮೂರು ಅಡಿಯ ಪರೀಕ್ಷೆಯಲ್ಲಿ ಗೆದ್ದದ್ದು ಈ ಎರಡನೆಯ ಗುಂಪು. 1979ರಲ್ಲಿ ಶೀ ಮತ್ತು ಮಾರ್ಗನ್ ಎಂಬ ಸಂಶೋಧಕರು ಕಂಡದ್ದು ಪಾಲಕರು ಇನ್ನಷ್ಟು ಗಮನಿಸಬೇಕಾದ ಸಂಗತಿ: ಒಂದು ಚಲನೆಯನ್ನು ಮುಗಿಸಿಯೇ ಮುಂದಿನದಕ್ಕೆ ಹೋದವರು ಅಭ್ಯಾಸದ ವೇಳೆ ಮುಂದಿದ್ದರು, ಬೇರೆ ಬೇರೆ ಚಲನೆಗಳನ್ನು ಕಲಸಿ ಮಾಡಿದವರು ತಡವರಿಸಿದರು, ಹತ್ತು ದಿನ ಬಿಟ್ಟು ಪರೀಕ್ಷಿಸಿದಾಗ ತಡವರಿಸಿದವರೇ ಮೇಲಾಗಿದ್ದರು. ಅಂದರೆ ಶಿಬಿರದಲ್ಲಿ ಅಂದವಾಗಿ ಕಾಣುವ ಸಾಲು ಸಾಲಿನ ಕವಾಯತು ಕಲಿಕೆಗೆ ಸಾಕ್ಷಿಯಲ್ಲ.

ಈ ತಪ್ಪನ್ನು ನಾನೂ ಮಾಡಿದ್ದೇನೆ. ನಮ್ಮ ಕಬಡ್ಡಿ ತಂಡದ ಹುಡುಗರಿಗೆ ಆಂಕಲ್ ಹೋಲ್ಡ್, ಅಂದರೆ ರೈಡರ್‌ನ ಕಣಕಾಲು ಹಿಡಿಯುವುದನ್ನು ಕಲಿಸುವಾಗ, ಎದುರಿಗೆ ಒಬ್ಬನನ್ನು ಕಾಲು ಚಾಚಿ ನಿಲ್ಲಿಸಿ ಐವತ್ತು ಸಲ ಹಿಡಿಸುತ್ತಿದ್ದೆ. ಹಿಡಿತವೇನೋ ಚೊಕ್ಕಟವಾಯಿತು. ಪಂದ್ಯದಲ್ಲಿ ಎದುರಾಳಿ ರೈಡರ್ ಕಾಲು ಚಾಚಿದಂತೆ ಮಾಡಿ ಹಿಂದೆಳೆದುಕೊಂಡಾಗ ನಮ್ಮ ಹುಡುಗರು ಬರಿ ಮಣ್ಣನ್ನು ಹಿಡಿದರು. ಅವರು ಹಿಡಿಯುವುದನ್ನು ಕಲಿತಿದ್ದರು, ಯಾವಾಗ ಹಿಡಿಯಬೇಕೆಂದು ಓದುವುದನ್ನು ನಾನು ಕಲಿಸಿರಲಿಲ್ಲ. ಸೋವಿಯತ್ ವಿಜ್ಞಾನಿ ನಿಕೊಲಾಯ್ ಬರ್ನ್‌ಸ್ಟೈನ್ ನುರಿತ ಕೆಲಸಗಾರರ ಸುತ್ತಿಗೆ ಏಟುಗಳನ್ನು ಚಿತ್ರೀಕರಿಸಿ ನೋಡಿದಾಗ, ಏಟು ಗುರಿಗೇ ಬೀಳುತ್ತಿದ್ದರೂ ತೋಳಿನ ಚಲನೆ ಪ್ರತಿ ಸಲವೂ ತುಸು ಬೇರೆಯಾಗಿತ್ತು. ನುರಿತವನು ಪ್ರತಿ ಸಲ ಸಮಸ್ಯೆಯನ್ನು ಹೊಸದಾಗಿ ಬಿಡಿಸುತ್ತಾನೆ ಎಂಬುದು ಅವರ ವಿವರಣೆ. ಇದನ್ನು ಓದಿದ್ದು ನಿವೃತ್ತಿಯ ಬಳಿಕ, ಆ ಹುಡುಗರ ಪಾಲಿಗೆ ತೀರ ತಡವಾಗಿ.

ವಿಚಿತ್ರವೆಂದರೆ ಮುಂಬಯಿಯ ಮೈದಾನಗಳು ಯಾವ ಸಿದ್ಧಾಂತವನ್ನೂ ಓದದೆ ಇದನ್ನು ಮಾಡುತ್ತ ಬಂದಿವೆ. ಆಜಾದ್ ಮೈದಾನದಲ್ಲಿ ಒಂದು ಪಂದ್ಯದ ಫೀಲ್ಡರ್ ಇನ್ನೊಂದು ಪಂದ್ಯದ ಪಿಚ್ಚಿಗೆ ಹತ್ತಿರ ನಿಂತಿರುತ್ತಾನೆ. 1948ರಿಂದ ಮಳೆಗಾಲದಲ್ಲೇ ನಡೆಯುತ್ತಿರುವ ಕಾಂಗಾ ಲೀಗ್ ಎಂಬ ಕ್ರಿಕೆಟ್ ಪಂದ್ಯಾವಳಿಯ ಒದ್ದೆ ಪಿಚ್ಚಿನಲ್ಲಿ ಎರಡು ಚೆಂಡು ಒಂದೇ ರೀತಿ ಬರುವುದಿಲ್ಲ. ಶಿವಾಜಿ ಪಾರ್ಕಿನಲ್ಲಿ ಕ್ರಿಕೆಟ್ ಗುರು ರಮಾಕಾಂತ ಆಚ್ರೇಕರ್ ಅವರು ಬಾಲಕ ಸಚಿನ್ ತೆಂಡೂಲ್ಕರ್‌ನನ್ನು ಸ್ಕೂಟರಿನಲ್ಲಿ ಕೂರಿಸಿಕೊಂಡು ಒಂದು ಪಂದ್ಯದಿಂದ ಇನ್ನೊಂದಕ್ಕೆ ಒಯ್ಯುತ್ತಿದ್ದರು.

ಬ್ಯಾಟನ್ನೇ ಹಿಡಿಯಲರಿಯದ ಮಗುವಿಗೆ ಮೊದಲ ಕೆಲವು ದಿನ ಒಂದೇ ಹೊಡೆತವನ್ನು ಮರಳಿ ಮರಳಿ ಮಾಡಿಸುವುದು ಬೇಕಾದೀತು. ಏಣಿಯ ಹೆಜ್ಜೆಯೂ ಮೈ ಬೆಚ್ಚಗಾಗಲು ಆಗಬಹುದು. ಅದಕ್ಕಿಂತ ಹೆಚ್ಚಿನದನ್ನು ಅದರಿಂದ ನಿರೀಕ್ಷಿಸಬಾರದು. ಶಿಬಿರ ನಡೆಸುವ ಸಂಘಗಳಲ್ಲಿ ನನ್ನ ಕೋರಿಕೆ ಇಷ್ಟೇ: ಸಮಾರೋಪದ ದಿನ ಪಾಲಕರ ಮುಂದೆ ಕವಾಯತು ಪ್ರದರ್ಶಿಸುವ ಬದಲು, ಎರಡು ವಾರ ಬಿಟ್ಟು, ಮಕ್ಕಳು ಹಿಂದೆಂದೂ ಕಾಲಿಡದ ಮೈದಾನವೊಂದರಲ್ಲಿ, ಅವರಿಗೆ ಪರಿಚಯವಿಲ್ಲದ ತಂಡದೊಂದಿಗೆ ಪಂದ್ಯ ಏರ್ಪಡಿಸಿ, ಪಾಲಕರನ್ನು ಅಲ್ಲಿಗೆ ಕರೆಯಿರಿ.

ಇತಿ ತಮ್ಮ ವಿಶ್ವಾಸಿ,
ನಿವೃತ್ತ ದೈಹಿಕ ಶಿಕ್ಷಣ ಶಿಕ್ಷಕ, ಮುಲುಂಡ್, ಮುಂಬಯಿ